‘ಖುಷಿಯಾಯ್ತು’ ಅಂತ ಬರೆಯೋದು ಬಿಟ್ಟ ಮೇಲೆ

ಹೋದ ಭಾನುವಾರ ಯಾವುದೋ ಹಳೇ ರಸೀದಿಯ ಫೋಟೊ ಬೇಕಾಗಿ ಫೋನಿನ ಗ್ಯಾಲರಿ ಕೆದಕುತ್ತಾ ಕೂತಿದ್ದೆ. ಹನ್ನೊಂದು ಸಾವಿರ ಚಿಲ್ಲರೆ ಫೋಟೊ ಇವೆ ಅದರಲ್ಲಿ. ರಸೀದಿ ಸಿಗಲಿಲ್ಲ, ಒಂದು ನಾಯಿ ಸಿಕ್ತು. ಕಂದು ಬಣ್ಣ, ಬೆಂಚಿನ ಕೆಳಗೆ ಕಾಲು ಚಾಚಿ ಮಲಗಿದೆ, ಒಂದು ಕಣ್ಣು ಮಾತ್ರ ತೆರೆದಿದೆ. ಬೆರಳು ಸರಿಸಿದೆ, ಮತ್ತೆ ಅದೇ ನಾಯಿ. ಇನ್ನೊಂದು ಸಲ ಸರಿಸಿದೆ, ಅದೇ. ಎಣಿಸಿದೆ: ಹದಿನೇಳು ಫೋಟೊ! ಹದಿನೇಳು ಸಲ ಕ್ಲಿಕ್ಕಿಸುವಷ್ಟು ಆ ನಾಯಿ ನನ್ನನ್ನು ಮರುಳು ಮಾಡಿರಬೇಕಲ್ಲ? ಆದರೆ ಅದು ಯಾರ ನಾಯಿ, ಯಾವ ಬೆಂಚು, ನಾನಲ್ಲಿ ಏನು ಮಾಡ್ತಿದ್ದೆ, ಒಂದೂ ನೆನಪಿಲ್ಲ. ನಾನೇ ತೆಗೆದ ಫೋಟೊವನ್ನು ಬೇರೆ ಯಾರೋ ಕಳಿಸಿದ್ದಾರೇನೋ ಅನ್ನೋ ಹಾಗೆ ನೋಡ್ತಾ ಕೂತೆ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಡ್ತೀನಿ. ನನ್ನ ಹತ್ತಿರ ಒಂದು ಚಿಕ್ಕ ನೋಟ್‌ಬುಕ್ ಇದೆ. ಅದರಲ್ಲಿ ನಾಲ್ಕು ವರ್ಷದ ಹಿಂದೆ ಬರೆದ ಎರಡು ಸಾಲು ಹೀಗಿವೆ: “ಲಿಫ್ಟ್ ಕೆಟ್ಟಿದೆ. ಮುದಿ ನಾಯಿ ಮುಂದೆ, ನಾನು ಹಿಂದೆ. ಎರಡನೇ ಮಹಡಿಯ ತಿರುವಿನಲ್ಲಿ ನಿಂತು ತಿರುಗಿ ನೋಡಿತು, ಬರ್ತಿದ್ದೀನಾ ಅಂತ.”

ಇಷ್ಟೇ. ಫೋಟೊ ಇಲ್ಲ, ಸೆಲ್ಫಿ ಇಲ್ಲ. ಆದರೂ ಅದನ್ನು ಓದಿದ ಕೂಡಲೇ ಮೆಟ್ಟಿಲಿನ ಮೇಲೆ ಅದರ ಉಗುರು ಟಕ್ ಟಕ್ ಅನ್ನೋದು ಕೇಳಿಸಿತು. ನಾಯಿಯ ಯಜಮಾನರು ಮೇಲಿನಿಂದ “ನಿಧಾನ ಕಣೋ” ಅಂತ ಕೂಗಿದ್ದು ನೆನಪಾಯ್ತು. ಅವರು ಕೂಗಿದ್ದು ನಾಯಿಗೋ ನನಗೋ ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ. ಆ ದಿನ ಆಫೀಸಿನಿಂದ ಮೈತುಂಬ ಸಿಡುಕು ಹೊತ್ತುಕೊಂಡು ಬಂದಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ, ನನಗೇನೂ ಸಂಬಂಧವಿಲ್ಲದ ಒಂದು ಮುದಿ ಪ್ರಾಣಿ ನನಗೋಸ್ಕರ ಕಾದು ನಿಂತಿತು ಅನ್ನೋ ಒಂದೇ ಕಾರಣಕ್ಕೆ ಮಿಕ್ಕ ಎರಡು ಮಹಡಿಯನ್ನು ನಗ್ತಾ ಹತ್ತಿದೆ. ಆ ನಾಯಿ ಈಗಿಲ್ಲ. ಆ ತಿರುವಿಗೆ ಬಂದಾಗ ಮಾತ್ರ ನನ್ನ ಕಾಲು ಒಂದು ಕ್ಷಣ ನಿಧಾನವಾಗುತ್ತೆ.

ಹದಿನೇಳು ಫೋಟೊ ಸೋತು ಎರಡು ಸಾಲು ಗೆದ್ದಿದ್ದು ಹೇಗೆ? ಇದಕ್ಕೆ ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಿಂಡಾ ಹೆಂಕಲ್ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಉತ್ತರವಿದೆ. ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಕೆಲವು ವಸ್ತುಗಳನ್ನು ಬರೀ ನೋಡಿ ಅಂದರು, ಕೆಲವನ್ನು ಫೋಟೊ ತೆಗೆಯಿರಿ ಅಂದರು. ಮಾರನೇ ದಿನ ಕೇಳಿದರೆ, ಫೋಟೊ ತೆಗೆದವುಗಳಿಗಿಂತ ಬರೀ ನೋಡಿದವೇ ಹೆಚ್ಚು ನೆನಪಿದ್ದವು. ಕ್ಯಾಮೆರಾ ಇಟ್ಟುಕೊಳ್ಳುತ್ತೆ ಬಿಡು ಅಂತ ತಲೆ ಕೈಬಿಡುತ್ತೆ. ಆದರೆ ಎಲ್ಲರೂ ಅರ್ಧ ಓದಿ ಬಿಡುವ ಆ ಅಧ್ಯಯನದ ಇನ್ನರ್ಧವೇ ನನಗೆ ಹೆಚ್ಚು ಇಷ್ಟ. ಇಡೀ ವಸ್ತುವನ್ನು ಬಿಟ್ಟು ಅದರ ಒಂದು ಭಾಗಕ್ಕೆ ಮಾತ್ರ ಝೂಮ್ ಮಾಡಿ ಫೋಟೊ ತೆಗೆದವರ ನೆನಪು ಮಾಸಿರಲಿಲ್ಲ. ಝೂಮ್ ಮಾಡದೇ ಬಿಟ್ಟ ಭಾಗಗಳೂ ಅವರಿಗೆ ನೆನಪಿದ್ದವು.

ಅಂದ್ರೆ ತಪ್ಪು ಕ್ಯಾಮೆರಾದ್ದಲ್ಲ, ನೋಡುವ ಬಗೆಯದ್ದು. ನಾಯಿ ಅಂತ ಇಡೀ ನಾಯಿಯನ್ನು ಗಬಕ್ಕನೆ ನುಂಗಿದರೆ ಹೊಟ್ಟೆಯಲ್ಲಿ ಏನೂ ನಿಲ್ಲಲ್ಲ. ತಿರುಗಿ ನೋಡಿದ ಆ ಕತ್ತನ್ನು ಹಿಡಿದುಕೊಂಡರೆ ಮಿಕ್ಕ ನಾಯಿ ತಾನಾಗೇ ಹಿಂದೆ ಬರುತ್ತೆ.

ಈ ನೋಟ್‌ಬುಕ್ ಶುರುವಾಗಿದ್ದರ ಹಿಂದೆ ಒಂದು ಸೋಲಿದೆ. ಆಗ ಯಾರೋ ಹೇಳಿದರು ಅಂತ ಒಂದು ಆ್ಯಪ್ ಹಾಕಿಕೊಂಡಿದ್ದೆ. ದಿನಾ ರಾತ್ರಿ ಒಂಬತ್ತಕ್ಕೆ ಟಿಂಗ್ ಅನ್ನುತ್ತೆ, ಇವತ್ತು ನೀವು ಕೃತಜ್ಞರಾಗಿರುವ ಮೂರು ವಿಷಯ ಬರೆಯಿರಿ ಅನ್ನುತ್ತೆ. ಮೊದಲ ದಿನ ಭಾವುಕನಾಗಿ ಬರೆದೆ. ಐದನೇ ದಿನಕ್ಕೆ “ಆರೋಗ್ಯ, ಕುಟುಂಬ, ಮಳೆ” ಅಂತಾಯ್ತು. ಎಂಟನೇ ದಿನಕ್ಕೆ ಮಳೆ ಬಾರದಿದ್ದರೂ ಮಳೆ ಅಂತ ಬರೆದೆ. ಹನ್ನೊಂದನೇ ದಿನ ಆ್ಯಪ್ ತೆಗೆದುಹಾಕಿದೆ, ಅವತ್ತು ಮಾತ್ರ ನಿಜವಾಗಲೂ ಕೃತಜ್ಞನಾಗಿದ್ದೆ. ಪಟ್ಟಿ ಮಾಡೋದರಿಂದ ಒಳ್ಳೆಯದಾದವರು ಇದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ನನಗೆ ಅದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗಾಯ್ತು. ‘ಕುಟುಂಬ’ ಅಂತ ಬರೆದರೆ ಯಾರ ಮುಖವೂ ಕಾಣಲ್ಲ. ‘ತುಂಬಾ ಖುಷಿಯಾಯ್ತು’ ಅನ್ನೋದೂ ಅಷ್ಟೇ, ಖಾಲಿ ಡಬ್ಬದ ಮೇಲೆ ಅಂಟಿಸಿದ ಚೀಟಿ.

ಹಾಗಾಗಿ ನೋಟ್‌ಬುಕ್ಕಿಗೆ ನನ್ನದೇ ಕಾನೂನು ಮಾಡಿಕೊಂಡೆ. ಖುಷಿ, ಸಂತೋಷ, ಆನಂದ ಈ ಮೂರು ಪದಗಳಿಗೆ ಪ್ರವೇಶವಿಲ್ಲ. ಜಂಬ ಕೊಚ್ಚಿಕೊಳ್ಳಬಹುದಾದದ್ದನ್ನೂ ಬರೆಯೋ ಹಾಗಿಲ್ಲ. ದಿನಾ ಬರೆಯಬೇಕು ಅಂತಲೂ ಇಲ್ಲ. ಕಣ್ಣಿಗೆ ಬಿದ್ದಿದ್ದು, ಕಿವಿಗೆ ಬಿದ್ದಿದ್ದು ಎರಡು ಸಾಲು. ಸಾಕು.

ಇಂಥ ಚಿಲ್ಲರೆ ಸಂಗತಿಯನ್ನು ಯಾರು ಓದ್ತಾರೆ ಅಂತ ಬರೆಯುವಾಗ ನನಗೇ ಅನ್ನಿಸ್ತಿತ್ತು. ಹಾಗೆ ಅನ್ನಿಸೋದು ಸಹಜವೇ ಅಂತೆ. ಹಾರ್ವರ್ಡ್‌ನಲ್ಲಿ ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಜನರಿಂದ ಆ ಹೊತ್ತಿನ ಸಣ್ಣಪುಟ್ಟ ಸಂಗತಿಗಳನ್ನು ಬರೆಸಿಟ್ಟು, ಕೆಲವು ತಿಂಗಳ ನಂತರ ಓದೋದಕ್ಕೆ ಎಷ್ಟು ಆಸಕ್ತಿ ಇರುತ್ತೆ ಅಂತ ಮೊದಲೇ ಅಂದಾಜು ಮಾಡಿಸಿದರು. ಅಂದಾಜು ಒಟ್ಟಾರೆ ಕಡಿಮೆ. ಓದುವಾಗ ಆದ ಕುತೂಹಲ ಅದಕ್ಕಿಂತ ಹೆಚ್ಚು. ಪ್ರೇಮಿಗಳ ದಿನದಂಥ ವಿಶೇಷ ದಿನದ ಬಗ್ಗೆ ಬರೆದಿದ್ದಕ್ಕಿಂತ ಯಾವುದೋ ಸಾದಾ ದಿನದ ಬಗ್ಗೆ ಬರೆದಿದ್ದರಲ್ಲಿ ಈ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು. ವಿಶೇಷ ದಿನವನ್ನು ನಾವು ಹೇಗೂ ಮರೆಯಲ್ಲ. ಜಾರಿಹೋಗೋದು ಮಂಗಳವಾರಗಳೇ.

ಈಗ ಕಾಗೆಯ ವಿಷಯಕ್ಕೆ ಬರ್ತೀನಿ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತಿಂದಿರೋದು ಅದೇ.

ಬಾಲ್ಕನಿಯ ಹೊರಗೆ, ಎಸಿ ಯಂತ್ರದ ಸಂದಿಯಲ್ಲಿ ಒಂದಿಷ್ಟು ಕಡ್ಡಿ, ತಂತಿ ಚೂರು ಬಿದ್ದಿತ್ತು. ಕಸ ಅಂದುಕೊಂಡು ಗುಡಿಸಿ ಬಿಸಾಕಿದೆ. ಅದು ಕಸವಲ್ಲ, ಗೂಡಿನ ತಳಪಾಯ. ಮಾರನೇ ಬೆಳಿಗ್ಗೆ ಗೇಟಿನಿಂದ ಹತ್ತು ಹೆಜ್ಜೆ ಇಟ್ಟಿಲ್ಲ, ಹಿಂದಿನಿಂದ ತಲೆಗೆ ಫಟ್ ಅಂತ ಬಿತ್ತು. ತಿರುಗಿದರೆ ತಂತಿ ಮೇಲೆ ಕಾಗೆ, ಕುತ್ತಿಗೆ ಉಬ್ಬಿಸಿಕೊಂಡು ಬೈತಾ ಇದೆ. ಸುತ್ತ ಇಷ್ಟೊಂದು ಜನ ಓಡಾಡ್ತಾರೆ, ಯಾರ ಗೊಡವೆಗೂ ಹೋಗಲ್ಲ, ನನಗೆ ಮಾತ್ರ. ಶರ್ಟ್ ಬದಲಿಸಿ ನೋಡಿದೆ, ಟೋಪಿ ಹಾಕಿ ನೋಡಿದೆ. ಊಹೂಂ.

ಕಾಗೆ ಮುಖ ಮರೆಯಲ್ಲ ಅನ್ನೋದು ಬರೀ ಅಜ್ಜಿ ಕತೆಯಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್ಲಫ್ ಅನ್ನೋ ವಿಜ್ಞಾನಿ 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು ಕ್ಯಾಂಪಸ್ಸಿನಲ್ಲಿ ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಟ್ಟರು. ಆಮೇಲೆ ಯಾರೇ ಆ ಮುಖವಾಡ ಹಾಕಿ ನಡೆದರೂ ಕಾಗೆಗಳು ಮುತ್ತಿಕೊಂಡು ಬೈಯೋವು. ಬೇರೆ ಮುಖವಾಡಕ್ಕೆ ಆ ಮರ್ಯಾದೆ ಇರಲಿಲ್ಲ. ವರ್ಷಗಳು ಕಳೆದರೂ ಬೈಯೋ ಕಾಗೆಗಳು ಕಡಿಮೆಯಾಗುವ ಬದಲು ಜಾಸ್ತಿಯಾದವು. ಆಗಿನ್ನೂ ಹುಟ್ಟೇ ಇರದಿದ್ದ ಮರಿಗಳೂ ಅಪ್ಪ-ಅಮ್ಮನನ್ನು ನೋಡಿ ಆ ಮುಖವನ್ನು ದ್ವೇಷಿಸೋದು ಕಲಿತಿದ್ದವು. ಇದನ್ನು ಓದಿದ ದಿನ ನನ್ನ ಎದೆ ಝಲ್ ಅಂತು. ಇದು ವಂಶಪಾರಂಪರ್ಯ ಹಗೆ!

ಸರಿ, ಬಿಸಿಲಲ್ಲೂ ಕೊಡೆ ಹಿಡಿದು ಓಡಾಡೋಕೆ ಶುರು ಮಾಡಿದೆ. ಒಂದು ಬೆಳಿಗ್ಗೆ ಎದುರು ಕಟ್ಟಡದಿಂದ ಇನ್ನೊಬ್ಬರು ಹೊರಬಂದರು. ಅವರ ತಲೆ ಮೇಲೂ ಕೊಡೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಇಬ್ಬರೂ ನಿಂತೆವು. ನಾಲ್ಕು ವರ್ಷದಿಂದ ಒಬ್ಬರನ್ನೊಬ್ಬರು ನೋಡಿದ್ದೀವಿ, ಒಂದು ದಿನವೂ ತುಟಿ ಬಿಚ್ಚಿಲ್ಲ. ಅವರು ಕೊಡೆಯನ್ನು ಸ್ವಲ್ಪ ಓರೆ ಮಾಡಿ, ಗುಟ್ಟು ಹೇಳೋರ ಹಾಗೆ ಕೇಳಿದರು: “ನಿಮ್ಮನ್ನೂನಾ?”

ನಾನು ಗೂಡಿನ ಕತೆ ಹೇಳಿದೆ. ಅವರ ಕತೆ ಇನ್ನೂ ಅನ್ಯಾಯದ್ದು. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ಕಾಂಪೌಂಡಿನ ಮೇಲೆ ಕೂರಿಸಿದ್ದರಂತೆ, ಉಪಕಾರ ಮಾಡೋಣ ಅಂತ. “ಕಳ್ಳನಿಗೂ ಕುಕ್ಕು, ಡಾಕ್ಟರಿಗೂ ಕುಕ್ಕು ಅಂದ್ರೆ ಹೆಂಗೆ ಸಾರ್?” ಅಂತ ಅವರು ಕೇಳಿದ ರೀತಿಗೆ ನಾನು ರಸ್ತೆ ಮಧ್ಯದಲ್ಲೇ ಬಗ್ಗಿ ನಕ್ಕೆ. ಕೊಡೆ ಜಾರಿತು. ಕಾಗೆ ಆ ಅವಕಾಶವನ್ನು ಬಿಡಲಿಲ್ಲ.

ಮರಿಗಳು ಹಾರಿಹೋದ ಮೇಲೆ ಕಾಗೆಯ ಕೋಪ ಇಳಿಯಿತು. ಆದರೆ ಕೊಡೆ ಗೆಳೆತನ ಉಳಿಯಿತು. ಈಗಲೂ ಬೀದಿಯಲ್ಲಿ ಎದುರಾದರೆ ಇಬ್ಬರೂ ಮೊದಲು ತಲೆ ಎತ್ತಿ ತಂತಿ ನೋಡ್ತೀವಿ, ಆಮೇಲೆ ನಮಸ್ಕಾರ.

ನಾಲ್ಕು ವರ್ಷ ನಾವ್ಯಾಕೆ ಮಾತಾಡಿರಲಿಲ್ಲ ಅಂತ ಯೋಚಿಸಿದ್ದೀನಿ. ಜಗಳವೇನೂ ಇರಲಿಲ್ಲ. ಅವರಿಗೆ ಇಷ್ಟವಾಗಲ್ಲವೇನೋ ಅಂತ ನಾನು, ನನಗೆ ಇಷ್ಟವಾಗಲ್ಲವೇನೋ ಅಂತ ಅವರು. ಷಿಕಾಗೋದಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ದಿನನಿತ್ಯ ರೈಲಿನಲ್ಲಿ ಓಡಾಡುವವರ ಮೇಲೆ ಒಂದು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಪಕ್ಕದ ಅಪರಿಚಿತರ ಜೊತೆ ಮಾತಾಡಿ ಅಂತ ಕೆಲವರಿಗೆ, ಸುಮ್ಮನೆ ಒಬ್ಬರೇ ಕೂತಿರಿ ಅಂತ ಕೆಲವರಿಗೆ ಹೇಳಿದರು. ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಆದರೆ ಮೊದಲೇ ಊಹಿಸಿ ಅಂತ ಕೇಳಿದಾಗ ಜನ ಹೇಳಿದ್ದು ಪೂರ್ತಿ ಉಲ್ಟಾ. ನಾವೆಲ್ಲ ಒಂದೇ ಬೋಗಿಯಲ್ಲಿ ಕೂತು, ಇವರಿಗೆ ಮಾತು ಬೇಡ ಅಂತ ಒಬ್ಬರ ಮೇಲೊಬ್ಬರು ಕರುಣೆ ತೋರಿಸ್ತಿದ್ದೀವಿ. ನನಗೆ ಆ ಭ್ರಮೆ ಬಿಡಿಸೋಕೆ ಒಂದು ಕಾಗೆ ಬಂದು ತಲೆಗೆ ಕುಕ್ಕಬೇಕಾಯ್ತು.

ಹಾಗಂತ ಸಿಕ್ಕಸಿಕ್ಕವರನ್ನೆಲ್ಲ ಮಾತಿಗೆಳೆಯಿರಿ ಅಂತ ನಾನು ಹೇಳ್ತಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿ ಕಿಟಕಿ ನೋಡುವವರನ್ನು ಅವರ ಪಾಡಿಗೆ ಬಿಡೋದೂ ಒಂದು ಸಭ್ಯತೆ. ಪ್ರಾಣಿಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಕಂಡ ನಾಯಿಯ ತಲೆ ಸವರೋಕೆ ಕೈ ಚಾಚೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಬಾಲ ಅಲ್ಲಾಡಿಸ್ತಿದೆಯಲ್ಲ ಅಂತಾರೆ. ನಾಯಿ ಬಾಲ ಡೊಂಕು ಅನ್ನೋ ಗಾದೆ ಹೇಳಿಕೊಂಡೇ ಬಂದ ನಾವು ಅದು ಯಾವ ಕಡೆಗೆ ಅಲ್ಲಾಡುತ್ತೆ ಅಂತ ನೋಡಲೇ ಇಲ್ಲ. ಇಟಲಿಯ ವಿಜ್ಞಾನಿಗಳು 2007ರಲ್ಲಿ ನೋಡಿದರು. ಮೂವತ್ತು ನಾಯಿಗಳ ಬಾಲ, ಸಾಕಿದವರನ್ನು ಕಂಡಾಗ ಅವುಗಳ ಬಲಕ್ಕೆ ಹೆಚ್ಚು ವಾಲಿತು. ದರ್ಪದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಅಂದ್ರೆ ಬಾಲ ಅಲ್ಲಾಡಿದ್ದೆಲ್ಲ ಸ್ವಾಗತವಲ್ಲ.

ಬೆಕ್ಕಿನ ಹತ್ತಿರ ನಾನು ಈ ಪಾಠ ಕಲಿತಿದ್ದು ತಡವಾಗಿ. ಹಿಂದಿನ ಗೋಡೆ ಮೇಲೆ ಒಂದು ಬೂದು ಬಣ್ಣದ ಬೆಕ್ಕು ಬಂದು ಕೂರುತ್ತೆ. ಬಲಗಿವಿಯ ತುದಿ ಒಂಚೂರು ಹರಿದಿದೆ. ಕರೆದೆ, ಚ್ ಚ್ ಅಂದೆ, ಬೆರಳು ಚಿಟಿಕೆ ಹೊಡೆದೆ. ಒಂದೊಂದಕ್ಕೂ ಅದು ಒಂದೊಂದು ಅಡಿ ಹಿಂದೆ ಸರಿಯಿತು. ಆಮೇಲೆ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಮಾಡಿದ ಅಧ್ಯಯನ ಓದಿದೆ. ಬೆಕ್ಕಿನತ್ತ ನೋಡಿ ಕಣ್ಣನ್ನು ಕಿರಿದು ಮಾಡಿ, ನಿಧಾನವಾಗಿ ಮುಚ್ಚಿ ತೆರೆದರೆ ಅದೂ ಕಣ್ಣು ಕಿರಿದು ಮಾಡಿ ಉತ್ತರ ಕೊಡುವ ಸಾಧ್ಯತೆ ಹೆಚ್ಚಂತೆ. ಹಾಗೆ ಮಾಡಿದ ಅಪರಿಚಿತರ ಹತ್ತಿರಕ್ಕೂ ಬೆಕ್ಕು ಬರುವ ಸಂಭವ ಹೆಚ್ಚಂತೆ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣಲ್ವಾ ಅಂತೀವಿ. ಇಲ್ಲಿ ನಾನೇ ಕಣ್ಣು ಮುಚ್ಚಿಕೊಂಡು ಜಗತ್ತಿಗೆ ಕಾಣ್ತಾ ನಿಂತೆ. ಎದುರು ಮನೆಯ ಹುಡುಗಿ ಒಂದು ದಿನ “ಅಂಕಲ್, ಕಣ್ಣಿಗೆ ಏನಾದ್ರೂ ಬಿತ್ತಾ?” ಅಂತ ಕೇಳಿದಳು. ಮೂರು ವಾರ ಕಳೆಯಿತು. ನೋಟ್‌ಬುಕ್ಕಿನಲ್ಲಿ ಆ ವಾರಗಳ ದಾಖಲೆ ಹೀಗಿದೆ: “ಇಲ್ಲ.” “ಇಲ್ಲ. ಬೆನ್ನು ತೋರಿಸಿತು.” “ಮಳೆ, ಬರಲಿಲ್ಲ.” “ನೋಡಿತು. ಆಕಳಿಸಿತು. ಆಕಳಿಕೆ ಲೆಕ್ಕಕ್ಕಿದೆಯಾ?”

ಇಪ್ಪತ್ತಮೂರನೇ ದಿನ ಸಂಜೆ ಬಟ್ಟೆ ತೆಗೆಯೋಕೆ ಹೋದವನು ಗೋಡೆ ಕಡೆ ನೋಡಿ, ಅಭ್ಯಾಸಬಲದಿಂದ ಒಮ್ಮೆ ಕಣ್ಣು ಮುಚ್ಚಿ ತೆರೆದೆ. ಬೆಕ್ಕು ಮುಂಗಾಲು ಮಡಚಿ ಕೂತಿತ್ತು. ಮೊದಲು ಕೆಳರೆಪ್ಪೆ ತುಸು ಮೇಲೇರಿತು, ಆಮೇಲೆ ಎರಡೂ ಕಣ್ಣು ಗೀಟಿನಷ್ಟು ಸಣ್ಣದಾಗಿ, ಹಾಗೇ ಒಂದು ಕ್ಷಣ ನಿಂತು, ನಿಧಾನವಾಗಿ ತೆರೆದವು. ಅಷ್ಟೇ. ನನ್ನ ಕೈಯಲ್ಲಿ ಬಟ್ಟೆ ಹಾಕೋ ಕ್ಲಿಪ್ಪು ಹಾಗೇ ಇತ್ತು. ಬೆಕ್ಕು ಹತ್ತಿರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಬರಲಿ ಅಂತ ಈಗ ನನಗೂ ಇಲ್ಲ. ನಮ್ಮಿಬ್ಬರ ಮಧ್ಯೆ ಹದಿನೈದು ಅಡಿ ಗಾಳಿ ಇದೆ, ಅದು ಚೆನ್ನಾಗಿಯೇ ಇದೆ.

ನೋಟ್‌ಬುಕ್ಕಿನಲ್ಲಿ ಮನುಷ್ಯರಿಗಿಂತ ಪ್ರಾಣಿಗಳೇ ಜಾಸ್ತಿ ಅಂತ ನೀವು ಅಂದುಕೊಂಡಿರಬಹುದು. ಎಣಿಸಿದರೆ ಹೆಚ್ಚುಕಡಿಮೆ ಸಮಸಮ. ಪ್ರಾಣಿಗಳ ಸಾಲುಗಳಲ್ಲಿ ನಗು ಇದೆ, ಮನುಷ್ಯರ ಸಾಲುಗಳು ಹೆಚ್ಚಾಗಿ ಕಷ್ಟದ ದಿನಗಳವು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿಯದ್ದು ಒಂದಿದೆ. “ಕಾರಿಡಾರು. ಎದುರು ಬೆಂಚಿನವರು ತಮ್ಮ ಫೋನಿನ ಚಾರ್ಜರ್ ಕಿತ್ತು ನನ್ನದಕ್ಕೆ ಹಾಕಿದರು. ಅವರದು ನಾಲ್ಕು ಪರ್ಸೆಂಟ್ ಇತ್ತು.” ಅವರ ಮುಖ ಮರೆತಿದ್ದೀನಿ, ಹೆಸರು ಕೇಳಲೇ ಇಲ್ಲ. ಆ ‘ನಾಲ್ಕು’ ಮರೆತಿಲ್ಲ. ಅಪ್ಪ ವಾರದೊಳಗೆ ಮನೆಗೆ ಬಂದರು. ಈಗ ಅವರ ಮುಖ್ಯ ದೂರು ಟಿವಿ ರಿಮೋಟಿನ ಬಗ್ಗೆ.

ಕೊನೆಯದು ಬಸ್ಸಿನಲ್ಲಿ ಆಗಿದ್ದು. ಮುಂದಿನ ಸೀಟಿನಲ್ಲಿ ನಾಲ್ಕೈದು ವರ್ಷದ ಹುಡುಗ, ಅವನಮ್ಮ ನಿದ್ದೆ ಹೋಗಿದ್ದರು. ಸೀಟಿನ ಮೇಲಿಂದ ಎರಡು ಕಣ್ಣು ಮೂಡಿದವು, ನಾನು ನೋಡಿದ ಕೂಡಲೇ ಮುಳುಗಿದವು. ಮತ್ತೆ ಮೂಡಿದವು. ನಾನು ಬ್ಯಾಗಿನ ಹಿಂದೆ ಬಚ್ಚಿಟ್ಟುಕೊಂಡೆ. ಕಣ್ಣಾಮುಚ್ಚಾಲೆಗೆ ಅಳತೆ, ವಯಸ್ಸು ಯಾವುದೂ ಅಡ್ಡಿಯಿಲ್ಲ ನೋಡಿ. ಬರ್ಲಿನ್ನಿನ ವಿಜ್ಞಾನಿಗಳು 2019ರಲ್ಲಿ ಇಲಿಗಳಿಗೆ ಈ ಆಟ ಕಲಿಸಿದ್ದರು. ಹುಡುಕಿದ್ದಕ್ಕೆ ಬಹುಮಾನ ತಿಂಡಿಯಲ್ಲ, ಕಚಗುಳಿ. ಇಲಿಗಳು ನಮ್ಮ ಕಿವಿಗೆ ನಿಲುಕದ ಸದ್ದಿನಲ್ಲಿ ಚೀರಿ ಕುಣಿದವು. ಬಚ್ಚಿಟ್ಟುಕೊಂಡ ಇಲಿ ಸಿಕ್ಕಿಬಿದ್ದ ಮೇಲೆ ಓಡಿಹೋಗಿ ಇನ್ನೊಂದು ಕಡೆ ಅಡಗಿ ಕೂರುತ್ತಿತ್ತಂತೆ, ಆಟ ಮುಗಿಯಬಾರದು ಅಂತ. ಈ ಹುಡುಗನೂ ಅದೇ ಜಾತಿ. ಸಿಕ್ಕಿಬಿದ್ದೆ ಅಂದರೂ ಒಪ್ಪದೆ ಸೀಟಿನ ಇನ್ನೊಂದು ಬದಿಯಿಂದ ಇಣುಕೋನು.

ಅರ್ಧ ಗಂಟೆಯಾದ ಮೇಲೆ ಅವನಿಗೆ ಎರಡೂ ಕೈ ಬೇಕಾದವು. ಅಷ್ಟು ಹೊತ್ತೂ ಒಂದು ಮುಷ್ಟಿ ಬಿಗಿಯಾಗೇ ಇತ್ತು. ಸೀಟಿನ ಸಂದಿಯಿಂದ ಕೈ ತೂರಿಸಿ ನನ್ನ ಅಂಗೈ ಮೇಲೆ ಒಂದು ಕಲ್ಲಿಟ್ಟ. ನೆಲ್ಲಿಕಾಯಿ ಗಾತ್ರ, ಬೂದು ಬಣ್ಣ, ನಡುವೆ ಒಂದು ಬಿಳಿ ಗೆರೆ. ಅವನ ಬೆವರಿಗೆ ಬೆಚ್ಚಗಾಗಿತ್ತು. “ಹಿಡ್ಕೊಂಡಿರಿ, ಇಳಿಯುವಾಗ ಇಸ್ಕೋತೀನಿ” ಅಂದ, ಬ್ಯಾಂಕಿನಲ್ಲಿ ಒಡವೆ ಇಡುವವರ ಗಾಂಭೀರ್ಯದಲ್ಲಿ.

ಮುಂದಿನ ಸ್ಟಾಪಿನಲ್ಲಿ ಅವನಮ್ಮ ಗಡಬಡಿಸಿ ಎದ್ದರು, ಇಳಿಯೋ ಜಾಗ ಬಂದುಬಿಟ್ಟಿತ್ತು. ಒಂದು ಕೈಗೆ ಬ್ಯಾಗು, ಇನ್ನೊಂದಕ್ಕೆ ಮಗ, ಎಳೆದುಕೊಂಡು ಇಳಿದೇಬಿಟ್ಟರು. ನಾನು “ಏ, ನಿನ್ನ ಕಲ್ಲು!” ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು. ಕಿಟಕಿಯಿಂದ ನೋಡಿದೆ. ಅವನು ತನ್ನ ಖಾಲಿ ಅಂಗೈ ನೋಡಿಕೊಂಡು, ತಲೆ ಎತ್ತಿ ಬಸ್ಸು ನೋಡಿದ. ಅಳಲಿಲ್ಲ. ಕೈ ಬೀಸಿದ.

ಆ ಕಲ್ಲು ನನ್ನ ಮೇಜಿನ ಮೇಲೆ, ಪೆನ್ನಿಡುವ ಲೋಟದ ಪಕ್ಕದಲ್ಲಿದೆ. ಹೋದ ತಿಂಗಳು ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಅದನ್ನು ಎತ್ತಿ ಹಿಡಿದು, “ಇದನ್ನ ಬಿಸಾಕ್ಲಾ?” ಅಂದಳು.

“ಬೇಡ ಬೇಡ, ಅದು ನಂದಲ್ಲ” ಅಂದೆ. “ಅವರು ಬಂದು ಇಸ್ಕೋತಾರೆ.”